ಬೈಪಾಸ್ ಬಳಿಕ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಬೇಕೇ? ಅಧ್ಯಯನಗಳು ಹೇಳುವುದೇನು?

ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ಬೇಗ ಚೇತರಿಸಿಕೊಳ್ಳಲೆಂದು ವಿಟಮಿನ್ ಇ, ಸಿ ಮಾತ್ರೆ ನುಂಗುವವರಿದ್ದಾರೆ. ಇದರಿಂದ ಲಾಭವಿದೆಯೇ?

ಶಸ್ತ್ರಚಿಕಿತ್ಸೆ ವೇಳೆ ತಡೆದಿದ್ದ ರಕ್ತ ಮತ್ತೆ ಹೃದಯಕ್ಕೆ ಹರಿದಾಗ ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುತ್ತವೆ. ಅವನ್ನು ಆ್ಯಂಟಿಆಕ್ಸಿಡೆಂಟ್‌ಗಳು ತಡೆಯುತ್ತವೆ ಎಂಬುದೇ ಈ ಮಾತ್ರೆಗಳ ಹಿಂದಿನ ಲೆಕ್ಕಾಚಾರ. ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ವಿಟಮಿನ್ ಸಿ ಕೊಟ್ಟಾಗ ಎದೆಬಡಿತದ ಏರುಪೇರು ತಗ್ಗಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅದು ವೈದ್ಯರ ನಿಗಾದಲ್ಲಿ ಕೊಟ್ಟದ್ದು.

ಮನೆಯಲ್ಲಿ ವರ್ಷಗಟ್ಟಲೆ ಸೇವಿಸುವ ಮಾತೇ ಬೇರೆ. ಬ್ರಿಟನ್‌ನಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 20,536 ಮಂದಿಯ ಮೇಲೆ 5 ವರ್ಷ ಅಧ್ಯಯನ ನಡೆದು, 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೊಟಿನ್ ಸೇವನೆಯಿಂದ ಹೃದಯಾಘಾತವಾಗಲಿ, ಸಾವಾಗಲಿ ಕಡಿಮೆಯಾಗಲಿಲ್ಲ.

ಇನ್ನೊಂದು ಅಪಾಯವೂ ಇದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟದಂತೆ ಮಾಡಬಲ್ಲದು. ಬೈಪಾಸ್ ಆದವರು ಸಾಮಾನ್ಯವಾಗಿ ಆಸ್ಪಿರಿನ್ ಸೇವಿಸುತ್ತಿರುತ್ತಾರೆ. ಎರಡೂ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು.

ಹೀಗಾಗಿ ಮೆಡಿಕಲ್ ಶಾಪ್‌ನಿಂದ ತಂದ ವಿಟಮಿನ್ ಮಾತ್ರೆಯನ್ನೂ ವೈದ್ಯರಿಗೆ ತೋರಿಸಿ. ಪಥ್ಯವಿಲ್ಲದಿದ್ದರೆ ನೆಲ್ಲಿಕಾಯಿ, ಸೀಬೆ, ಕಿತ್ತಳೆ ತಿನ್ನಿ. ವೈದ್ಯರು ಬರೆದುಕೊಟ್ಟ ಔಷಧ ಮಾತ್ರ ತಪ್ಪಿಸಬೇಡಿ.