ಮೂವತ್ತೇಳೂವರೆ ಡಾಲರಿನ ಪಿಸ್ತೂಲು

ಕಾಗದದ ಗುರಿಗೆ ಹೊಡೆಯುವ ಖುಷಿಗಷ್ಟೇ ಪಿಸ್ತೂಲು ಹಿಡಿಯುವ ಅಮೆರಿಕನ್ನರ ಅಚ್ಚುಮೆಚ್ಚಿನ ಪಿಸ್ತೂಲು ಯಾವುದಿರಬಹುದು ಎಂದರೆ, ಸಿನಿಮಾ ನೋಡಿ ಬೆಳೆದವರ ಕಣ್ಣಿಗೆ ಕಿವಿ ಗಡಚಿಕ್ಕುವ ಸದ್ದಿನ, ದಪ್ಪ ಗುಂಡಿನ ಆಯುಧವೇ ಬಂದು ನಿಲ್ಲುತ್ತದೆ. ಆದರೆ ಮುಕ್ಕಾಲು ಶತಮಾನದಿಂದ ಅವರು ಅಕ್ಕರೆಯಿಂದ ಹೆಸರಿಸುತ್ತ ಬಂದ ಪಿಸ್ತೂಲುಗಳಲ್ಲಿ ಮುಂದಿನ ಸಾಲಿನಲ್ಲಿರುವುದು ರೂಗರ್ ಕಂಪನಿಯ ಪಾಯಿಂಟ್ 22. ಅದರ ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ ಐದೂವರೆ ಮಿಲಿಮೀಟರ್, ತೂಕ 2.6 ಗ್ರಾಂ. ಇಷ್ಟು ಸಣ್ಣ ಗುಂಡಿನ ಪಿಸ್ತೂಲು ಇಷ್ಟು ಜನರ ಮನಸ್ಸು ಗೆದ್ದದ್ದು ಬಲದಿಂದಲ್ಲ. ಗುರಿಯ ನಿಖರತೆಯಿಂದ ಎನ್ನುವುದೂ ಅರ್ಧ ಮಾತು. ಕಡಿಮೆ ದುಡ್ಡಿನಲ್ಲಿ ಹೆಚ್ಚು ಗುಂಡು ಹಾರಿಸಲು ಬಿಟ್ಟಿದ್ದೇ ಅದರ ದೊಡ್ಡ ಗುಣ ಎಂಬುದು ನನ್ನ ವಾದ.

ಇದರ ಬೇರು ತೋಟಾದಲ್ಲಿದೆ. ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ತನ್ನ ಮೊದಲ ರಿವಾಲ್ವರಿಗೆ ಬಳಸಿದ್ದು ಪಾಯಿಂಟ್ 22 ಶಾರ್ಟ್ ಎಂಬ ಪುಟ್ಟ ತೋಟಾವನ್ನು. ಇವತ್ತಿಗೂ ಚಾಲ್ತಿಯಲ್ಲಿರುವ ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ದೊಡ್ಡ ತೋಟಾಗಳ ಬುಡದ ನಡುವೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲೊಂದನ್ನು ಬೇರೆಯಾಗಿಯೇ ಕೂರಿಸಬೇಕು. ಪಾಯಿಂಟ್ 22ರಲ್ಲಿ ಆ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಪಿಸ್ತೂಲಿನ ಸೂಜಿ ಆ ಅಂಚನ್ನು ಜಜ್ಜಿದರೆ ಸಾಕು, ಒಳಗಿನ ಮದ್ದು ಹೊತ್ತಿಕೊಳ್ಳುತ್ತದೆ. ತೆಳು ಹಿತ್ತಾಳೆ, ಚಿಟಿಕೆ ಮದ್ದು, ಬಟಾಣಿ ಕಾಳಿಗಿಂತ ಸಣ್ಣ ಸೀಸ. ಹಾಗಾಗಿ ಬೆಲೆ ಅಗ್ಗ, ಸದ್ದು ಕಡಿಮೆ, ಕೈಗೆ ಬೀಳುವ ಒದೆತ ಇಲ್ಲವೆನ್ನುವಷ್ಟು. ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡ ಪಾಯಿಂಟ್ 45 ಪಿಸ್ತೂಲಿನ ಗುಂಡು ಸುಮಾರು 15 ಗ್ರಾಂ ತೂಗುತ್ತದೆ. ಹೊಸಬನ ಕೈಗೆ ಅಂಥದ್ದನ್ನು ಕೊಟ್ಟರೆ ನಾಲ್ಕನೆಯ ಗುಂಡಿಗೇ ಅವನ ಮಣಿಕಟ್ಟು ಒದೆತವನ್ನು ಮೊದಲೇ ನೆನೆದು ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರ್ ಒತ್ತುವ ಹೊತ್ತಿಗೆ ನಳಿಕೆ ಕೆಳಗೆ ಬಾಗುತ್ತದೆ. ಗುರಿಕಾರರು ಫ್ಲಿಂಚ್ ಎನ್ನುವ ಈ ಅಳುಕು ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದು ಬಲು ಕಷ್ಟ. ಅದು ಹತ್ತದಂತೆ ಸಾವಿರಾರು ಸಲ ಟ್ರಿಗರ್ ಒತ್ತಿಸುವ ಶಕ್ತಿ ಸಣ್ಣ ತೋಟಾಕ್ಕೆ ಮಾತ್ರ ಇದೆ.

ತೋಟಾ ಅಗ್ಗವಾದರೂ ಅದನ್ನು ಹಾರಿಸುವ ಒಳ್ಳೆಯ ಪಿಸ್ತೂಲು ಅಗ್ಗವಾಗಿರಲಿಲ್ಲ. ಜಾನ್ ಬ್ರೌನಿಂಗ್ ವಿನ್ಯಾಸದ, ಮುಂದೆ ವುಡ್ಸ್‌ಮನ್ ಎಂದು ಹೆಸರಾದ ಕೋಲ್ಟ್ ಪಿಸ್ತೂಲು 1915ರಲ್ಲೇ ಬಂದಿತ್ತು. ಚೆಂದದ ಕೆಲಸಗಾರಿಕೆ ಅದರದು; ಉಕ್ಕನ್ನು ಯಂತ್ರದಲ್ಲಿ ಕೊರೆದು, ಉಜ್ಜಿ, ಹೊಂದಿಸಿ ಮಾಡಿದ್ದು. ಆ ಶ್ರಮವೆಲ್ಲ ಬೆಲೆಗೆ ಸೇರುತ್ತಿತ್ತು. ಇಲ್ಲಿ ಬಿಲ್ ರೂಗರ್ ಬರುತ್ತಾನೆ. ಕೈ ಉಪಕರಣ ತಯಾರಿಸುವ ವ್ಯಾಪಾರದಲ್ಲಿ ಸೋತಿದ್ದ ಈತ, ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕನೊಬ್ಬನಿಂದ ಜಪಾನಿನ ಪುಟ್ಟ ನಂಬು ಪಿಸ್ತೂಲು ಪಡೆದು, ತನ್ನ ಗ್ಯಾರೇಜಿನಲ್ಲಿ ಅದರ ಎರಡು ಪ್ರತಿಗಳನ್ನು ಮಾಡಿ ನೋಡಿದ್ದ. ಚಿತ್ರಕಾರನೂ ಆಯುಧ ಸಂಗ್ರಾಹಕನೂ ಆದ ಅಲೆಕ್ಸಾಂಡರ್ ಸ್ಟರ್ಮ್ 50,000 ಡಾಲರ್ ಬಂಡವಾಳ ಹಾಕಿದ. 1949ರಲ್ಲಿ ಕನೆಕ್ಟಿಕಟ್‌ನ ಸೌತ್‌ಪೋರ್ಟ್‌ನಿಂದ ಇಬ್ಬರ ಪಿಸ್ತೂಲು ಹೊರಬಂತು. ಬೆಲೆ 37.50 ಡಾಲರ್.

ಆ ಬೆಲೆ ಸಾಧ್ಯವಾದದ್ದು ಹೇಗೆಂದು ತಿಳಿಯಲು ಪಿಸ್ತೂಲಿನ ಹಿಡಿಯನ್ನು ಹತ್ತಿರದಿಂದ ನೋಡಬೇಕು. ಇಡೀ ಉಕ್ಕಿನ ಗಟ್ಟಿಯನ್ನು ಕೊರೆಯುವ ಬದಲು ರೂಗರ್ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ, ಎಡ ಬಲ ಎರಡು ಹೋಳು ಮಾಡಿ, ವೆಲ್ಡಿಂಗ್‌ನಿಂದ ಬೆಸೆದ. ಮೇಲಿನ ಭಾಗ ಒಂದು ಕೊಳವೆ. ಅದರ ಮುಂದಕ್ಕೆ ನಳಿಕೆ, ಒಳಗೆ ಹಿಂದೆ ಮುಂದೆ ಓಡುವ ದುಂಡನೆಯ ಬೋಲ್ಟು. ಆ ಬೋಲ್ಟಿನ ಹಿಂತುದಿಯಲ್ಲಿರುವ ಎರಡು ಕಿವಿಗಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಹಿಂದಕ್ಕೆಳೆದರೆ ಪಿಸ್ತೂಲು ಸಿದ್ಧ. ಉಳಿತಾಯಕ್ಕೆಂದು ಮಾಡಿದ ಈ ಏರ್ಪಾಡಿನಲ್ಲಿ ಇನ್ನೊಂದು ಲಾಭ ಒದಗಿತು: ಹಿಂದಿನ ಗುರಿಗಣ್ಣು, ಮುಂದಿನ ಗುರಿಮೊನೆ, ನಳಿಕೆ ಮೂರೂ ಅಲುಗದ ಒಂದೇ ಸಾಲಿನಲ್ಲಿ ಕೂತವು. ವುಡ್ಸ್‌ಮನ್‌ನಲ್ಲಿ ಹಿಂದಿನ ಗುರಿಗಣ್ಣು ಪ್ರತಿ ಗುಂಡಿಗೂ ಸ್ಲೈಡಿನ ಜೊತೆ ಹೋಗಿ ಬರುತ್ತಿತ್ತು. ಅಗ್ಗದ ದಾರಿ ಹುಡುಕಿದವನಿಗೆ ನಿಖರತೆಯೂ ಸಿಕ್ಕಿತು ಎಂಬುದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ.

ರೂಗರ್ ಗೆದ್ದದ್ದು ರೂಪದಿಂದ ಎನ್ನುವವರಿದ್ದಾರೆ. ಓರೆ ಹಿಡಿ, ತೆಳು ನಳಿಕೆ ನೋಡಿದರೆ ಜರ್ಮನಿಯ ಲೂಗರ್ ನೆನಪಾಗುವುದು ನಿಜ. ಯುದ್ಧ ಕಂಡು ಬಂದ ಪೀಳಿಗೆಗೆ ಆ ಹೋಲಿಕೆಯ ಸೆಳೆತ ಇದ್ದಿರಲೇಬೇಕು. ಆದರೆ ರೂಪದ ಮೋಹ ಒಂದು ಪೀಳಿಗೆಗೆ ಸಾಕಾದೀತು, ಲೂಗರ್ ಹೆಸರನ್ನೇ ಕೇಳದ ಮೊಮ್ಮಕ್ಕಳ ಕಾಲಕ್ಕೂ ಉಳಿಯಲಾರದು. ನಿಖರತೆಯೇ ಎಲ್ಲ ಎನ್ನುವವರು ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 41ನ್ನು ತೋರಿಸುತ್ತಾರೆ. 1957ರಲ್ಲಿ ಮಾರುಕಟ್ಟೆಗೆ ಬಂದ ಅದರ ಟ್ರಿಗರ್ ರೂಗರಿಗಿಂತ ನಯವಾದದ್ದು ಎಂಬುದನ್ನು ಒಪ್ಪಲೇಬೇಕು. ಪಂದ್ಯದ ಗುರಿಕಾರನಿಗೆ ಅದು ಬೇಕು. ಭಾನುವಾರದ ಗುರಿಕಾರನಿಗೆ ಬೇಕಾದದ್ದು ಮಿಕ್ಕ ದುಡ್ಡಿನಲ್ಲಿ ಕೊಳ್ಳಬಹುದಾದ ತೋಟಾದ ಡಬ್ಬಿಗಳು. ಹಳೆಯ ರೂಗರನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದು ಮಾತ್ರ ದೊಡ್ಡ ತಲೆನೋವು. ಒಳಗಿನ ಸುತ್ತಿಗೆ ಸರಿಯಾದ ಕೋನಕ್ಕೆ ಬರದಿದ್ದರೆ ಎಷ್ಟು ತಿಣುಕಿದರೂ ಮುಚ್ಚಿಕೊಳ್ಳುವುದಿಲ್ಲ. ಒಂದೇ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಮಾರ್ಕ್ ಫೋರ್ ಬಂದದ್ದು 2016ರಲ್ಲಿ. 67 ವರ್ಷ ಜನ ಆ ಕಾಟವನ್ನು ಸಹಿಸಿಕೊಂಡೇ ಕೊಂಡರು ಎಂಬುದು ನನ್ನ ವಾದಕ್ಕೆ ಬಲವಾದ ಸಾಕ್ಷಿ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಸಣ್ಣ ಗುಂಡು ಎಂದರೆ ನಿರಪಾಯ ಎಂದಲ್ಲ. 1968ರಲ್ಲಿ ರಾಬರ್ಟ್ ಕೆನೆಡಿಯ ಜೀವ ತೆಗೆದದ್ದು ಪಾಯಿಂಟ್ 22 ರಿವಾಲ್ವರೇ. ಅಗ್ಗವಾಗಿ ಎಲ್ಲರ ಕೈಗೆ ಸಿಗುವುದನ್ನು ಗುಣವೆಂದು ಹೊಗಳುವಾಗ ಇದನ್ನು ಮರೆಮಾಚುವುದು ಅಪ್ರಾಮಾಣಿಕತೆ. ಗುರಿಯ ಆಟಕ್ಕೆ ಅಗತ್ಯವಾದದ್ದು ಅಗ್ಗದ ಅಭ್ಯಾಸವೇ ಹೊರತು ಸಡಿಲ ಕಾನೂನಲ್ಲ. ಎರಡನ್ನೂ ಬೇರೆ ಮಾಡಬಹುದು ಎಂಬುದಕ್ಕೆ ನಮ್ಮ ದೇಶವೇ ಉದಾಹರಣೆ. ಇಲ್ಲಿ ಪಾಯಿಂಟ್ 22 ಪಿಸ್ತೂಲಿಗೆ ಶಸ್ತ್ರ ಪರವಾನಗಿ ಬೇಕೇ ಬೇಕು. ಹಾಗಾಗಿ ನಮ್ಮ ಹುಡುಗ ಹುಡುಗಿಯರು ಗುರಿ ಕಲಿಯುವುದು ಗಾಳಿಯ ಒತ್ತಡದಲ್ಲಿ ಹಾರುವ 4.5 ಮಿಲಿಮೀಟರ್ ಚರೆಯ ಏರ್ ಪಿಸ್ತೂಲಿನಲ್ಲಿ. ಮದ್ದಿಲ್ಲ, ಮೈದಾನ ಬೇಡ, ಹತ್ತು ಮೀಟರ್ ಉದ್ದದ ಕೋಣೆ ಇದ್ದರಾಯಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಅವರು 2016ರಲ್ಲಿ ರಿಯೊದಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲು, ಅಂದರೆ ಪಾಯಿಂಟ್ 22ರ ಹಳೆಯ ಪಂದ್ಯ, ಆ ಕೂಟದ ನಂತರ ಒಲಿಂಪಿಕ್ಸ್‌ನಿಂದಲೇ ಹೊರಬಿತ್ತು. ಏರ್ ಪಿಸ್ತೂಲು ಮಾತ್ರ 1988ರಲ್ಲಿ ಒಳಗೆ ಬಂದದ್ದು ಇನ್ನೂ ಅಲ್ಲೇ ಇದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಅದರಲ್ಲಿ ಕಂಚು ಗೆದ್ದಾಗ ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲದ್ದು, ಹಾರುತ್ತಿದ್ದ ಚರೆಯ ತೂಕ ಸುಮಾರು ಅರ್ಧ ಗ್ರಾಂ.