ಅತ್ತೆಯ ಮಾತು ಮಾವ್ಶಿಗೆ ತಿಳಿಯಲಿಲ್ಲ

ಕಳೆದ ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು 78. ನಮ್ಮದು ಡೊಂಬಿವಲಿ ಪೂರ್ವದ ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಆಪರೇಷನ್ ಮುಗಿದ ಮೇಲೆ ನೆರೆಮನೆಯ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದರು. ಆಮೇಲೆ ಅವರು ಕೆಳಗಿಳಿದೇ ಇಲ್ಲ.

ಗಂಡನ ಕೆಲಸ ಅಂಧೇರಿಯಲ್ಲಿ, ನನ್ನದು ಫೋರ್ಟಿನಲ್ಲಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಮರಳುವುದು ರಾತ್ರಿ ಎಂಟಕ್ಕೆ. ಬ್ಯೂರೋ ಒಂದರಿಂದ ಮಾವ್ಶಿಯೊಬ್ಬರನ್ನು ಗೊತ್ತುಮಾಡಿದೆವು. ದಿನಕ್ಕೆ 700 ರೂಪಾಯಿ, ತಿಂಗಳಿಗೆ 21 ಸಾವಿರ. ಇಷ್ಟು ಹಣ ಎಷ್ಟು ದಿನ? ಸರಕಾರದಿಂದ ಏನಾದರೂ ನೆರವು ಸಿಗುತ್ತದೆಯೇ ಎಂದು ವಿಚಾರಿಸತೊಡಗಿದೆ.

ಯೋಜನೆಗಳಿಗೇನೂ ಕೊರತೆಯಿಲ್ಲ. 2024ರ ಅಕ್ಟೋಬರಿನಿಂದ 70 ದಾಟಿದ ಯಾರಿಗೇ ಆಗಲಿ, ಆದಾಯ ನೋಡದೆ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ. ಆದರೆ ಅದು ಆಸ್ಪತ್ರೆಯ ಮಂಚಕ್ಕೆ, ಮನೆಯ ಮಂಚಕ್ಕಲ್ಲ. ಬಿಡುಗಡೆಯ ನಂತರ 15 ದಿನಗಳ ಖರ್ಚಿಗೆ ಅದರ ಕೈ ನಿಲ್ಲುತ್ತದೆ. ಮಹಾರಾಷ್ಟ್ರದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕಮೋಡ್ ಕುರ್ಚಿ, ಕನ್ನಡಕಗಳಿಗೆಂದು ಒಂದು ಸಲಕ್ಕೆ 3,000 ರೂಪಾಯಿ ಖಾತೆಗೆ ಬರುತ್ತದೆ. ವರ್ಷದ ಆದಾಯ 2 ಲಕ್ಷದೊಳಗಿರಬೇಕು. ಶ್ರಾವಣಬಾಳ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಪಿಂಚಣಿ. ಅದಕ್ಕೆ ರಾಜ್ಯದಲ್ಲಿ 15 ವರ್ಷ ವಾಸವಿರಬೇಕು, ಕುಟುಂಬದ ವಾರ್ಷಿಕ ಆದಾಯ 21 ಸಾವಿರ ಮೀರಬಾರದು. ನಾವು ಮಾವ್ಶಿಗೆ ಒಂದು ತಿಂಗಳಿಗೆ ಕೊಡುವುದೇ ಅಷ್ಟು!

ಹಣದ ಚಿಂತೆ ಹೀಗಿರುವಾಗ ಬೇರೊಂದು ತೊಂದರೆ ಎದುರಾಯಿತು. ಅತ್ತೆ ಕುಂದಾಪುರದವರು. ಐವತ್ತು ವರ್ಷ ಇಲ್ಲೇ ಕಳೆದು, ತರಕಾರಿ ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುತ್ತಿದ್ದವರು. ಹಾಸಿಗೆ ಹಿಡಿದ ಮೇಲೆ ಮರಾಠಿ ಒಂದೊಂದೇ ಮಾತಾಗಿ ಬಿಟ್ಟುಹೋಯಿತು. ಒಂದು ರಾತ್ರಿ ನಾನು ಬರುವಾಗ ಹಾಸಿಗೆ ಒದ್ದೆ, ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದ್ದರು. "ಒಂದಕ್ಕೆ ಹೋಯ್ಕ್ ಅಂತ ಎಷ್ಟ್ ಸಲ ಹೇಳ್ದೆ" ಎಂದು ಅತ್ತರು. ಮಾವ್ಶಿಯ ಕಣ್ಣಲ್ಲೂ ನೀರು. ಅವರು ಪಾಪ, ನೀರು ಕೇಳುತ್ತಿದ್ದಾರೆಂದು ಮೂರು ಸಲ ಲೋಟ ತಂದುಕೊಟ್ಟಿದ್ದರಂತೆ. ತಪ್ಪು ಯಾರದು? ಆ ರಾತ್ರಿ ಕೆಲಸ ಬಿಡುವ ಪತ್ರವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ.

ಅದನ್ನು ಕೊಡದಂತೆ ತಡೆದದ್ದು ಒಂದು ಸಣ್ಣ ಸುದ್ದಿ. 2010-11ರಲ್ಲಿ ಶುರುವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಹೋಗಬೇಕೆಂಬ ನಿಯಮವಿದೆ. ಇದನ್ನು ತಿಳಿಸಿದವರು ಕೆಳಗಿನ ಮನೆಯ ನಿವೃತ್ತ ನರ್ಸ್. ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ಹೋಗಿ ಅತ್ತೆಯ ಹೆಸರು ಬರೆಸಿದೆ. ಎರಡು ಸಲ ಅಲೆದ ಮೇಲೆ ಆಶಾ ಕಾರ್ಯಕರ್ತೆಯೊಂದಿಗೆ ಒಬ್ಬ ನರ್ಸ್ ಬಂದರು. ಬಿಪಿ, ಸಕ್ಕರೆ ನೋಡಿದರು. ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮಾವ್ಶಿಗೆ ಕೈಯಾರೆ ಕಲಿಸಿದರು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ದಿನಗಳು ನಮ್ಮವೇ.

ಆ ಉಳಿದ ದಿನಗಳ ಭಾರವನ್ನೂ ಹಂಚಿಕೊಂಡ ಸರಕಾರಗಳಿವೆ. ಜಪಾನಿನಲ್ಲಿ 40 ದಾಟಿದವರೆಲ್ಲ ವಿಮೆ ಕಟ್ಟುತ್ತಾರೆ. 2000ದ ಏಪ್ರಿಲ್‌ನಿಂದ ಆ ಹಣಕ್ಕೆ ತೆರಿಗೆಯ ಹಣ ಸೇರಿಸಿ, ಮನೆಗೇ ಬಂದು ಸ್ನಾನ ಮಾಡಿಸುವವರಿಗೆ ಸಂಬಳ ಕೊಡಲಾಗುತ್ತಿದೆ. ಅಷ್ಟು ದೂರ ಬೇಡ. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ತಂದು, ಪಂಚಾಯತಿಗಳ ಮೂಲಕ ನರ್ಸ್‌ಗಳನ್ನು ಮನೆಮನೆಗೆ ಕಳಿಸುತ್ತಿದೆ. ತಮಿಳುನಾಡು 2021ರ ಆಗಸ್ಟಿನಿಂದ ಬಿಪಿ, ಸಕ್ಕರೆಯ ಮಾತ್ರೆಗಳನ್ನೂ ಫಿಸಿಯೋಥೆರಪಿಯನ್ನೂ ಮನೆ ಬಾಗಿಲಿಗೆ ತಲುಪಿಸುತ್ತಿದೆ. ಠಾಣೆ, ಕಲ್ಯಾಣ್, ನವಿ ಮುಂಬಯಿಯ ಪಾಲಿಕೆಗಳಿಗೆ ಇದು ಕಲಿಯಲಾಗದ ವಿದ್ಯೆಯೇನಲ್ಲ. ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು ನಾವು ಕೇಳಬೇಕಾದದ್ದೂ ಇದನ್ನೇ.

ಅಲ್ಲಿಯವರೆಗೆ ನಮ್ಮವರು ಮೂರು ಕೆಲಸ ಮಾಡಬಹುದು. ಒಂದು, ಹಿರಿಯರ ಹೆಸರನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬರೆಸಿ; ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಇಟ್ಟುಕೊಳ್ಳಿ. ಎರಡು, ವಯ ವಂದನಾ ಕಾರ್ಡನ್ನು ಬೀಳುವ ಮೊದಲೇ ಮಾಡಿಸಿ. ಅದು ದೇಶದ ಯಾವ ರಾಜ್ಯದಲ್ಲಾದರೂ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುತ್ತದೆ. ಊರಿನಿಂದ ಬಂದ ತಂದೆತಾಯಿಯರಿಗೆ ಇದು ದೊಡ್ಡ ಅನುಕೂಲ. ಮೂರು, 14567 ನೆನಪಿಡಿ. ಹಿರಿಯರಿಗಾಗಿಯೇ ಇರುವ ಈ ಉಚಿತ ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ.

ಯಾವ ಸರಕಾರವೂ ಕೊಡಲಾರದ್ದು ಒಂದಿದೆ, ಅದು ನಮ್ಮ ಭಾಷೆ. ನಮ್ಮ ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳಿಗೆ ಜನ ಸೇರಿಸುತ್ತವೆ. ಹಾಗೆಯೇ ವಾರಕ್ಕೆರಡು ಗಂಟೆ, ಹಾಸಿಗೆ ಹಿಡಿದ ಹಿರಿಯರೊಬ್ಬರ ಬಳಿ ಕುಳಿತು ಕನ್ನಡದಲ್ಲಿ ಮಾತಾಡಲು ನಾಲ್ಕು ಜನ ಸಿಗಲಾರರೇ?

ನಮ್ಮ ಮನೆಯಲ್ಲಿ ಅತ್ತೆಯ ಮಂಚದ ಪಕ್ಕ ಗೋಡೆಗೆ ಒಂದು ಕಾಗದ ಅಂಟಿಸಿದ್ದೇನೆ. ಹತ್ತು ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ. ಮೊದಲ ಸಾಲು "ಒಂದಕ್ಕೆ ಹೋಯ್ಕ್". ಮೊನ್ನೆ ಮನೆಗೆ ಬಂದಾಗ ಕೆಳಗೆ ಹನ್ನೊಂದನೆಯದೂ ಇತ್ತು. ಮಾವ್ಶಿಯೇ ಕೇಳಿ ಬರೆದುಕೊಂಡದ್ದು: "ಊಟ ಆಯ್ತಾ?"