ಚಳಿಗಾಲದಲ್ಲಿ ಮನೆಯ ಈಜುಕೊಳ

2024ರ ನವೆಂಬರಿನಲ್ಲಿ ನಿವೃತ್ತ ಇಂಜಿನಿಯರರೊಬ್ಬರು ತೀವ್ರ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಎಂದು ನನ್ನಲ್ಲಿಗೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ಅವರ ತೋಟದ ಮನೆ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಅದೇ ವಾರ ಅವರ ಮನೆಯ ಮಾಲಿಗೂ ಜ್ವರ ಬಂದಿತ್ತು. ಮನೆಯ ಸುತ್ತ ಎಲ್ಲಾದರೂ ನೀರು ನಿಂತಿದೆಯೇ ಎಂದು ಕೇಳಿದೆ.

‘ಇಲ್ಲ ಡಾಕ್ಟ್ರೇ, ಎಲ್ಲ ಸ್ವಚ್ಛವಾಗಿದೆ. ಈಜುಕೊಳಕ್ಕೂ ದಸರೆ ಮುಗಿದ ಕೂಡಲೇ ಟಾರ್ಪಾಲಿನ್ ಹಾಕಿಸಿ, ಪಂಪ್ ನಿಲ್ಲಿಸಿದ್ದೇನೆ. ಅಮೆರಿಕದಲ್ಲಿ ಮಗ ಪ್ರತಿವರ್ಷ ಹಾಗೇ ಮಾಡುತ್ತಾನೆ’ ಎಂದರು.

ಮಾರನೆಯ ದಿನ ಅವರ ಪತ್ನಿ ಹೋಗಿ ನೋಡಿದರೆ, ಟಾರ್ಪಾಲಿನ್ ನಡುವೆ ಜಗ್ಗಿ ಮಳೆನೀರು ನಿಂತಿತ್ತು. ಅದರ ತುಂಬ ಸೊಳ್ಳೆಯ ಮರಿಹುಳುಗಳು. ಅವರನ್ನು ಕಚ್ಚಿದ ಸೊಳ್ಳೆ ಅಲ್ಲಿಯದೇ ಎಂದು ಸಾಧಿಸಲಾಗದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದಕ್ಕಿಂತ ಅನುಕೂಲವಾದ ಜಾಗ ಬೇರೊಂದಿಲ್ಲ. ಅವರು ಗುಣಮುಖರಾದರು. ಮನೆಯಲ್ಲಿ ಈಜುಕೊಳ ಇರುವವರ ಸಂಖ್ಯೆ ಈಗ ಹೆಚ್ಚುತ್ತಿರುವುದರಿಂದ ಈ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿನ ಚಳಿ ಬೇರೆ, ಇಲ್ಲಿನ ಚಳಿ ಬೇರೆ

ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಕೊಳವೆ, ಪಂಪು ಒಡೆಯುತ್ತವೆ. ಆದ್ದರಿಂದ ಅಲ್ಲಿಯವರು ಕೊಳವೆಗಳ ನೀರು ತೆಗೆದು, ಕೊಳ ಮುಚ್ಚಿ, ವಸಂತ ಬರುವವರೆಗೆ ಬಿಟ್ಟುಬಿಡುತ್ತಾರೆ. ಆ ಚಳಿಯಲ್ಲಿ ಸೊಳ್ಳೆ, ಪಾಚಿಗಳ ಕಾಟವೂ ಇಲ್ಲ.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಇಲ್ಲಿ ಕೊಳವೆ ಒಡೆಯುವ ಭಯವಿಲ್ಲ. ಆದರೆ ನಮ್ಮ ಚಳಿಗಾಲದ ಹಗಲಿನ ಬಿಸಿಲು ಸೊಳ್ಳೆ, ಪಾಚಿ ಬೆಳೆಯಲು ಸಾಕು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಮೊಟ್ಟೆಗಳು ಒಣಗಿದ ಜಾಗದಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಾಗಾಗಿ ನಮ್ಮಲ್ಲಿ ಈಜುವವರಿಲ್ಲದ ಕೊಳವೇ ಹೆಚ್ಚು ಅಪಾಯಕಾರಿ. ಈಜುವುದನ್ನು ನಿಲ್ಲಿಸಿ, ಆರೈಕೆಯನ್ನು ನಿಲ್ಲಿಸಬೇಡಿ.

ಪಂಪ್ ಮತ್ತು ಫಿಲ್ಟರನ್ನು ಬೇಸಿಗೆಯ ಅರ್ಧದಷ್ಟು ಹೊತ್ತಾದರೂ ದಿನವೂ ನಡೆಸಿ. ಬಿದ್ದ ಎಲೆಗಳನ್ನು ತೆಗೆಯಿರಿ. ಹೊದಿಕೆ ಹಾಕಿದ್ದರೆ ವಾರಕ್ಕೊಮ್ಮೆಯಾದರೂ ಅದರ ಮೇಲಿನ ನೀರು ಚೆಲ್ಲಿ, ಉಜ್ಜಿ ಒಣಗಿಸಿ. ಕೊಳವನ್ನು ಪೂರ್ತಿ ಖಾಲಿ ಮಾಡುವುದೂ ಜಾಣತನವಲ್ಲ. ಮಳೆಗಾಲದ ಕೊನೆಯಲ್ಲಿ ನೆಲದಡಿಯ ನೀರಿನ ಒತ್ತಡಕ್ಕೆ ಖಾಲಿ ಕೊಳದ ತಳ ಬಿರುಕು ಬಿಡಬಹುದು. ಖಾಲಿ ಗುಂಡಿಗೆ ಮಕ್ಕಳು ಬೀಳುವ ಅಪಾಯವೂ ಇದೆ.

ಕ್ಲೋರಿನ್ ಲೆಕ್ಕ

ಪ್ರತಿ ಲೀಟರ್ ನೀರಿನಲ್ಲಿ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಸದಾ ಉಳಿದಿರಬೇಕು. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿ.ಎಚ್. 7.2ರಿಂದ 7.8ರ ನಡುವೆ ಇರಬೇಕು. ಪಿ.ಎಚ್. 8 ದಾಟಿದರೆ ಕ್ಲೋರಿನ್ ಇದ್ದರೂ ಅದರ ಕ್ರಿಮಿನಾಶಕ ಶಕ್ತಿ ಬಹಳ ಕುಗ್ಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್ ಅಂಗಡಿಗಳಲ್ಲಿ ಸಿಗುತ್ತದೆ. ಬಳಕೆಯಲ್ಲಿರುವಾಗ ದಿನವೂ, ಇಲ್ಲದಿರುವಾಗ ವಾರಕ್ಕೆರಡು ಸಲವೂ ನೋಡಿ.

10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 60,000 ಲೀಟರ್ ನೀರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಹೆಚ್ಚಿಸಲು 60 ಗ್ರಾಂ ಕ್ಲೋರಿನ್ ಬೇಕು. ಶೇ. 30ರಷ್ಟು ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ ಆದರೆ 200 ಗ್ರಾಂ. ಹಳೆಯ, ತೇವ ತಗುಲಿದ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿ ನೀರನ್ನು ಸಂಜೆಯ ಹೊತ್ತು ಕೊಳಕ್ಕೆ ಹಾಕಿ. ಬಿಸಿಲು ಕ್ಲೋರಿನ್ನನ್ನು ಬೇಗ ಹಾಳುಮಾಡುತ್ತದೆ.

ಕೊಳದಿಂದ ಮೂಗಿಗೆ ಅಡರುವ ಘಾಟು ಬಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿ ಹುಟ್ಟುವ ವಾಸನೆ. ಕಣ್ಣುರಿ, ಕೆಮ್ಮಿಗೂ ಅದೇ ಕಾರಣ. ನೀರಿಗಿಳಿಯುವ ಮುನ್ನ ಎಲ್ಲರೂ ಸ್ನಾನ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಒಂದು ಮುಖ್ಯ ಎಚ್ಚರಿಕೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿ, ಗುಳಿಗೆಗಳನ್ನು ಒಟ್ಟಿಗೆ ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಎಲ್ಲವನ್ನೂ ಬೇರೆ ಬೇರೆ ಇಡಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಪುಡಿಗೆ ಸುರಿಯಬಾರದು. ಈ ಕೆಲಸ ಮಾಡುವ ಆಳಿಗೆ ಇದನ್ನೆಲ್ಲ ತಿಳಿಸಿ ಹೇಳುವುದು, ಕೈಗವಸು ಕೊಡಿಸುವುದು ಮನೆಯ ಯಜಮಾನರ ಹೊಣೆ.

ಹೊದಿಕೆ ಬೇಲಿಯಲ್ಲ

ಟಾರ್ಪಾಲಿನ್ ಹಾಕಿದೆಯೆಂದು ನಿಶ್ಚಿಂತರಾಗಬೇಡಿ. ಅದರ ಮೇಲೆ ಕಾಲಿಟ್ಟ ಮಗು ಅದರೊಂದಿಗೇ ಕುಸಿದು ಅಡಿಗೆ ಸಿಲುಕಬಹುದು. ಹೊರಗಿನವರಿಗೆ ಕಾಣುವುದೂ ಇಲ್ಲ. ಮುಳುಗುವ ಮಗು ಕೂಗುವುದಿಲ್ಲ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಕೊಳದ ನಾಲ್ಕೂ ಕಡೆ ಕನಿಷ್ಠ 4 ಅಡಿ ಎತ್ತರದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಇರಲಿ.

ಮಗು ನೀರಿಗೆ ಬಿದ್ದು ಉಸಿರಾಡದಿದ್ದರೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಗಟ್ಟಿ ನೆಲದ ಮೇಲೆ ಮಲಗಿಸಿ, ಮೊದಲು ಎರಡು ಸಲ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಅನಂತರ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು ಕೊಡಿ. ನೆರವು ಬರುವವರೆಗೂ ಇದನ್ನು ಬಿಡಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮತ್ತೆ ನೀರಿಗಿಳಿಯುವ ಮುನ್ನ

ಮಾರ್ಚ್ ತಿಂಗಳಲ್ಲಿ ಮಕ್ಕಳ ಪರೀಕ್ಷೆ ಮುಗಿದೊಡನೆ ಕೊಳ ನೆನಪಾಗುತ್ತದೆ. ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಬೆಳೆಯಬಲ್ಲದು. ಅದು ಮೂಗಿನ ಮೂಲಕ ಮೆದುಳು ಸೇರಿದರೆ ಬದುಕುಳಿಯುವವರು ತೀರಾ ವಿರಳ. 2024ರಲ್ಲಿ ಕೇರಳದಲ್ಲಿ ಈ ಬಗೆಯ ಸೋಂಕಿನಿಂದ ಮಕ್ಕಳು ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಸರಿಯಾಗಿ ಕ್ಲೋರಿನ್ ಹಾಕಿದ ಕೊಳದಲ್ಲಿ ಈ ಭಯವಿಲ್ಲ.

ಆದ್ದರಿಂದ ಮೊದಲು ಗೋಡೆ, ತಳವನ್ನು ಉಜ್ಜಿಸಿ, ಫಿಲ್ಟರ್ ತೊಳೆಸಿ. ಒಮ್ಮೆ ಲೀಟರಿಗೆ 10 ಮಿಲಿಗ್ರಾಂನಷ್ಟು ಕ್ಲೋರಿನ್ ಹಾಕಿ, ಅದು 3ಕ್ಕೆ ಇಳಿಯುವವರೆಗೆ ಯಾರನ್ನೂ ಬಿಡಬೇಡಿ. ಆಳದ ಕಡೆಯ ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ನೀರು ಈಜಲು ಯೋಗ್ಯವಲ್ಲ. ಭೇದಿಯಾಗುತ್ತಿರುವವರು ನೀರಿಗಿಳಿಯಬಾರದು. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ ಮಾಮೂಲಿ ಪ್ರಮಾಣದ ಕ್ಲೋರಿನ್‌ನಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಇಷ್ಟು ಆರೈಕೆ ಸಾಧ್ಯವಿಲ್ಲ, ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಎನ್ನುವವರು ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಅದು ಪೂರ್ತಿ ಇಳಿದ ಮೇಲೆ ಸೊಳ್ಳೆಯ ಮರಿ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಆಗ ಅದು ಈಜುಕೊಳವಲ್ಲ, ಮೀನಿನ ಕೊಳ. ಬೇಲಿ ಮಾತ್ರ ಆಗಲೂ ಬೇಕು.

ನಮ್ಮ ಇಂಜಿನಿಯರರು ಈಗ ಟಾರ್ಪಾಲಿನ್ ತೆಗೆಸಿ, ಪಂಪ್ ನಡೆಸುತ್ತಿದ್ದಾರೆ. ಅಮೆರಿಕದಿಂದ ಮೂರು ವರ್ಷದ ಮೊಮ್ಮಗ ಬರುವ ಮೊದಲೇ ಬೇಲಿಯನ್ನೂ ಹಾಕಿಸಿದರು.